ಭಾವ ಕೊಡಲೊಲ್ಲದ ರಕ್ತ

ಕುಂಬಳಕಾಯಿ ಕಳ್ಳ ಎಂದರೆ ಎದೆ ಮುಟ್ಟಿಕೊಂಡು ಕೆಮ್ಮಿದನಂತೆ. ಗಾದೆಯಲ್ಲಿರುವುದು ಹೆಗಲು ಎಂದು ತಿದ್ದಲು ಬರಬೇಡಿ. ನಮ್ಮ ಭಾವನ ವಿಷಯದಲ್ಲಿ ನಡೆದದ್ದು ಹೀಗೇ, ಒಂದೆಳೆಯೂ ಸುಳ್ಳಲ್ಲ.

ಭಾವ ದರ್ಜಿ. ಕಫ ಪರೀಕ್ಷೆಯಲ್ಲಿ ಕ್ಷಯವೆಂದು ಗೊತ್ತಾಗಿ ಮಾತ್ರೆ ಶುರುವಾಗಿತ್ತು. ಅದಕ್ಕೆ ಹೆದರಲಿಲ್ಲ. ‘ಎಚ್‌ಐವಿ ಪರೀಕ್ಷೆಗೂ ರಕ್ತ ಕೊಡಿ’ ಎಂದು ಆಪ್ತಸಮಾಲೋಚಕರು ಹೇಳಿದ್ದೇ ತಡ, ಭಾವ ಆಸ್ಪತ್ರೆಯ ಹಿಂಬಾಗಿಲಿನಿಂದ ಜಾರಿಕೊಂಡರು.

“ನನ್ನ ನಡತೆ ಮೇಲೇ ಅನುಮಾನ ಪಡ್ತಾರಲ್ಲೋ.”

ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಅಕ್ಕ ಅವರ ಅಂಗಿ ಒಗೆಯುವ ಮುಂಚೆ ಜೇಬು ತಡಕುವಳು, ಕಾಲರು ಮೂಸುವಳು.

“ಒಳಗೆ ಹುಳುಕಿಲ್ದಿದ್ರೆ ಸೂಜಿಗ್ಯಾಕ್ರೀ ಹೆದರ್ತೀರಿ? ಬೆಳಗಿಂದ ಸಂಜೆ ತನಕ ಹಿಡಿಯೋದು ಅದನ್ನೇ ತಾನೆ?”

ಭಾವ ನನ್ನನ್ನು ದುರುಗುಟ್ಟುವರು. “ಇವಳ ಕಿವಿ ಊದಿದ್ದು ನೀನೇ ಅಲ್ವಾ?”

ಒಮ್ಮೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೊಲಿಗೆ ಯಂತ್ರ ನಿಲ್ಲಿಸಿ ಪಿಸುಗುಟ್ಟಿದರು: “ಮದುವೆಗೆ ಮುಂಚೆ ಬೇರೆ ಊರಲ್ಲಿ ಕೆಲಸಕ್ಕಿದ್ದೆ. ವಯಸ್ಸಿನ ಹುಚ್ಚು. ನನಗೆ ನನ್ನ ಮೇಲೇ ಅನುಮಾನ ಕಣೋ. ಇದ್ರೆ ನಿಮ್ಮಕ್ಕನಿಗೂ ಅಂಟಿಸಿರ್ತೀನಿ.”

ಬುದ್ಧಿ ಹೇಳಿದರೆ ಕೇಳುವ ಆಸಾಮಿಯಲ್ಲ. ಗೆಳೆಯನ ಫೋನು ಹಿಡಿದು, ಆಸ್ಪತ್ರೆಯ ಆಪ್ತಸಮಾಲೋಚಕರ ಮೂಗುದನಿ ತೆಗೆದೆ.

“ಮಾಸ್ಟರ್, ನಮ್ಮ ಪ್ರಯೋಗಾಲಯದವ್ರಿಗೆ ಬಿಳಿ ಕೋಟು ಹೊಲಿಸಬೇಕು. ನಾಳೆ ಅಳತೆಗೆ ಬರ್ತೀರಾ?”

ಅನುಮಾನಕ್ಕಿಂತ ಆರ್ಡರು ದೊಡ್ಡದು. ಮರುದಿನ ಮೂಗಿಗೆ ಮಾಸ್ಕು, ಕೊರಳಿಗೆ ಟೇಪು ಹಾಕಿಕೊಂಡು ಭಾವ ಹೊರಟರು. ಹಿಂದೆ ಅಕ್ಕ, ನಾನು. ರಕ್ತ ತೆಗೆಯುವಾಕೆಯ ಮುಂದೆ ನಿಂತು ಟೇಪು ಬಿಚ್ಚಿದರು.

“ಕೈ ಚಾಚಿ ಮೇಡಂ.”

“ನೀವು ಚಾಚಿ.”

“ಮೊದಲು ನಿಮ್ದು. ತೋಳಿನಳತೆ.”

“ಇಲ್ಲಿ ಚುಚ್ಚೋದು ನಾನು ಸಾರ್.”

ಇಬ್ಬರೂ ಕೈ ಚಾಚಿಕೊಂಡು ನಿಂತರು. ಸಾಲಿನಲ್ಲಿದ್ದವರು ಕಿಸಕ್ಕೆಂದರು. ಭಾವನ ಕಣ್ಣು ನನ್ನತ್ತ ಹೊರಳಿತು.

“ಹಾಳಾದವನೇ, ಫೋನಿನಲ್ಲಿದ್ದದ್ದು ನೀನಾ?”

ಬಾಗಿಲತ್ತ ತಿರುಗಿದವರನ್ನು ನಿಜವಾದ ಆಪ್ತಸಮಾಲೋಚಕರು ಮಾತಾಡಿಸಿದರು. “ಬಲವಂತ ಇಲ್ಲ. ಆದ್ರೆ ಕೇಳಿ. ಈ ಊರಲ್ಲಿ ಕ್ಷಯ ಇಳೀತಾ ಇತ್ತು. ಎಚ್‌ಐವಿ ಬಂದ್ಮೇಲೆ ಮತ್ತೆ ಏರ್ತು. ಅದು ಮೈಯ ಕಾವಲು ಕೆಡವುತ್ತೆ, ಇದು ಒಳಗೆ ನುಗ್ಗುತ್ತೆ. ಈಗ ಎರಡಕ್ಕೂ ಔಷಧಿ ಕೊಡೋದ್ರಿಂದ ಇಳೀತಿದೆ. ಅದಕ್ಕೇ ಕ್ಷಯ ಇರೋ ಎಲ್ರನ್ನೂ ಕೇಳ್ತೀವಿ. ನಡತೆ ನೋಡಿ ಅಲ್ಲ.”

ಬೆಂಚಿನ ಮೇಲಿದ್ದ ಹಣ್ಣು ಹಣ್ಣು ಮುದುಕಿ ಮೊಣಕೈಗೆ ಒತ್ತಿಕೊಂಡಿದ್ದ ಹತ್ತಿ ತೋರಿಸಿದಳು. “ನನ್ದೂ ತಗೊಂಡ್ರಪ್ಪ. ಈ ವಯಸ್ಸಲ್ಲೂ ನನ್ನ ಮೇಲೆ ಅನುಮಾನ ಪಡೋರಿದಾರಲ್ಲ ಅಂತ ಖುಷಿಯಾಯ್ತು.”

ಭಾವ ನಗಲಿಲ್ಲ. ಅಕ್ಕನನ್ನು ನೋಡಿದರು. “ಇದ್ಬಿಟ್ರೆ?”

“ಇದ್ರೆ ಇಬ್ರೂ ಮಾತ್ರೆ ನುಂಗೋಣ.” ಅಕ್ಕ ತಾನೇ ಮೊದಲು ಕೈ ಚಾಚಿದಳು. ಆಮೇಲೆ ಭಾವ.

ಫಲಿತಾಂಶಕ್ಕೆ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಹೊರಗೆ ನಾನು ಬಾಗಿಲಿಗೆ ಕಿವಿಗೊಟ್ಟೆ. ಒಳಗಿನಿಂದೊಂದು ಸದ್ದು. ಊರವರ ದನಿಯನ್ನೆಲ್ಲ ಅಣಕಿಸುವ ನನಗೇ ಅದು ಅಳುವೋ ಕೆಮ್ಮೋ ತಿಳಿಯಲಿಲ್ಲ.

ಬಾಗಿಲು ತೆರೆಯಿತು. “ಇಲ್ವಂತೆ ಕಣೋ, ಇಬ್ರಿಗೂ,” ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ನಾನು ನಕ್ಕೆ, ಮುದುಕಿ ನಕ್ಕಳು. ಭಾವ ಮಾತ್ರ ಗೋಡೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅಕ್ಕ ಅವರ ಮಾಸ್ಕು ಜಾರದಂತೆ ಒತ್ತಿ ಹಿಡಿದಿದ್ದಳು.