ಮಸೀದಿ ಚೀಲಕ್ಕ ಬಿದ್ದ ಹಾಳಿ

ಗಂಗಾವತಿ ಡಿಟಿಪಿ ಅಂಗಡಿ ನಾಗೇಶ ಭಾಳ ಛಲೋ ಮನಶ್ಯಾ. ಆ ಛಲೋತನಾನ ತಸ್ಲೀಮಾಗ ಮುಳುವಾತು ನೋಡ್ರಿ.

ಅಕಿ ಪಿಎಚ್‌ಡಿ ಮಾಡಾಕಿ. ಕುರಾನಿನ ಶೈಲಿ ಬಗ್ಗೆ ಯುರೋಪಿನ ಪಂಡಿತರು ತೆಗೆದ ತಕರಾರು, ಅದಕ್ಕ ಉತ್ತರ, ಇದು ವಿಷಯ. ಹೇಳಿದ್ದನ್ನ ಹತ್ತು ಸಲ ಹೇಳ್ತೈತಿ, ಒಂದು ಮಾತು ಮುಗಿಯೂದ್ರಾಗ ಇನ್ನೊಂದಕ್ಕ ಜಿಗೀತೈತಿ ಅಂತ ಅವರ ತಕರಾರು. ಗೈಡು, ಮೊದಲ ಎದುರಿನವರ ಮಾತನ್ನ ಗಟ್ಟಿಯಾಗಿ ಬರಿ, ಉತ್ತರ ಮುಂದಿನ ಅಧ್ಯಾಯದಾಗ ಅಂದಿದ್ರು. ನಡುನಡುವ ಅರಬ್ಬಿ ಆಯತು, ಅಂದ್ರ ಕುರಾನಿನ ವಾಕ್ಯ, ಇಟ್ಟು ಹಂಗ ಬರದಳು.

ಮಂಗಳವಾರ ಆ ತಕರಾರಿನ ಅಧ್ಯಾಯದ ಪ್ರಿಂಟ್ ಇಸಗೊಳ್ಳಾಕ ಹೋದರ ನಾಗೇಶ ಹೆಮ್ಮಿಲೆ ಸುದ್ದಿ ಹೇಳಿದ. ಮೊದಲನೇ ಪ್ರಿಂಟಿಗೆ ಮಸಿ ಹತ್ತಿ ಕೆಟ್ಟಿತ್ತಂತ. ಅರಬ್ಬಿ ಅಕ್ಷರದ ಹಾಳಿ ಕಸಕ್ಕ ಹಾಕಬಾರದಂತ ಅವಗ ಗೊತ್ತು. ಅದಕ್ಕ ಮಸೀದಿ ಬಾಗಿಲಿಗೆ ತೂಗಹಾಕಿದ ಚೀಲದಾಗ ಹಾಕಿ ಬಂದಿದ್ದ.

ತಸ್ಲೀಮಾ ಪ್ರಿಂಟ್ ಅಲ್ಲೇ ಬಿಟ್ಟಳು. ಹರಿದ ಪವಿತ್ರ ಹಾಳಿಗೋಳ ಆ ಚೀಲ ತುಂಬಿದ್ರ ಮಣ್ಣು ಮಾಡ್ತಾರ. ಅದಕ್ಕೂ ಮೊದಲ ಒಂದೊಂದ ಹಾಳಿ ತೆಗೆದು ನೋಡಾಂವ ಅಕಿ ಅಪ್ಪ ಫಕ್ರುದ್ದೀನ. ಮೂವತ್ತು ವರ್ಷ ಆ ಮಸೀದ್ಯಾಗ ಹುಡುಗರಿಗೆ ಓದಿಸ್ಯಾನ. ಹೆಣ್ಣಿಗೆ ಇಷ್ಟ್ಯಾಕ ಓದು ಅಂದವರಿಗೆಲ್ಲ, ನನ್ನ ಮಗಳು ದೀನಿನ, ಧರ್ಮದ ಕೆಲಸ ಮಾಡಾಕತ್ಯಾಳ ಅಂತ ಬಾಯಿ ಮುಚ್ಚಿಸ್ಯಾನ. ಈಗ ಆ ಹಾಳ್ಯಾಗ ಇರೂದು ಬರೇ ತಕರಾರು, ಮ್ಯಾಲ ಅಕಿ ಹೆಸರು. ಮಸೀದಿ ಕಮೀಟಿಯವರ ಕಣ್ಣಿಗೆ ಬಿದ್ರ ಅಪ್ಪನ ಕೆಲಸಾನೂ ಹೋತು, ಮರ್ಯಾದಿನೂ ಹೋತು.

ಮಸೀದಿಗೆ ಓಡಿದಳು. ಚೀಲ ಖಾಲಿ. ಅಲ್ಲಿಂದ ಮನಿಗೆ ಓಡಿದಳು.

ಅಪ್ಪ ಚಾಪಿ ಮ್ಯಾಲ ಕುಂತು ಕತ್ತರೀಲೆ ಹಾಳಿ ಕತ್ತರಿಸಾಕತ್ತಿದ್ದ. ಆಯತು ಒಂದು ಕಡೆ, ಬಿಳಿ ಬಟ್ಟಿ ಮ್ಯಾಲ. ತಕರಾರು ಒಂದು ಕಡೆ, ಬರೇ ನೆಲದ ಮ್ಯಾಲ. ಒಂದು ಏಟು ಹೊಡದಿದ್ರ ಅಕಿಗೆ ಹಗರ ಆಗ್ತಿತ್ತು. ಆಂವ ತಲಿ ಸೈತ ಎತ್ತಲಿಲ್ಲ.

“ಕಮೀಟಿ ಜಿಲಾನಸಾಬ ನೋಡಿದ,” ಅಂದ. “ಹುಡುಗರಿಗೆ ಉತ್ತರ ಕಲಿಸಾಕ ನಾನ ಬರಿಸೇನಿ ಅಂತ ಹೇಳಿಬಿಟ್ಟೆ. ಶುಕ್ರವಾರ ನಮಾಜ್ ಆದಮ್ಯಾಲ ಎಲ್ಲಾರ ಮುಂದ ಆ ಉತ್ತರ ಹೇಳಬೇಕಂತ.”

ಜೀವನದಾಗ ಒಮ್ಮಿನೂ ಸುಳ್ಳು ಹೇಳದಾಂವ, ಮಸೀದ್ಯಾಗ ನಿಂತು ಅಕಿ ಸಲುವಾಗಿ ಹೇಳಿದ್ದ.

“ನನಗ ಓದಾಕ ಬರ್ತೈತಿ, ವಾದ ಮಾಡಾಕ ಬರೂದಿಲ್ಲವ್ವಾ. ಕುಂಡ್ರು, ಕಲಿಸು.”

“ಅಬ್ಬಾ, ಆ ಅಧ್ಯಾಯ ಇನ್ನೂ ಬರದಿಲ್ಲ.”

ಕತ್ತರಿ ನಿಂತಿತು. ಅಪ್ಪ ಮೊದಲ ಸಲ ಅಕಿ ಮಾರಿ ನೋಡಿದ. ಸಿಟ್ಟಿರಲಿಲ್ಲ. ಅಕಿಗಿಂತ ಹೆಚ್ಚು ಅಂಜಿದ್ದ.

“ಬರದಿಲ್ಲೋ,” ಅಂತ ಮೆಲ್ಲಕ ಕೇಳಿದ, “ಉತ್ತರ ಸಿಗವಲ್ದೋ?”

ಆರು ತಿಂಗಳಿಂದ ತಸ್ಲೀಮಾ ಅಂಜಿದ್ದು ಇದೊಂದ ಮಾತಿಗೆ. ಕಮೀಟಿ ಅಂಜಿಕಿ ಅದರ ಮುಂದ ಏನೂ ಅಲ್ಲ. ಸಿಗ್ತೈತಿ ಅಬ್ಬಾ ಅಂದು ಅವನ ಎದುರು ಕುಂತಳು, ಆದ್ರ ಹಾಂಗ ಅನ್ನುವಾಗ ಅಪ್ಪನ ಕಣ್ಣಾಗ ನೋಡಾಕ ಅಕಿಗೆ ಆಗಲಿಲ್ಲ.