ಕಡಲಲ್ಲಿ ಕಪ್ಪಾದ ಕೇದಿಗೆ

ಮಾಫು ಅಜ್ಜನ ಹಾಡು ಕಟ್ಟುವ ಶಿಬಿರದಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು: ತಮ್ಮ ಕತೆಯ ಮೇಲೆ ಯಾರೂ ಹಾಡು ಕಟ್ಟುವಂತಿಲ್ಲ.

"ನಮ್ಮ ನಮ್ಮ ದುಃಖ ನಮಗೆ ಯಾವಾಗ್ಲೂ ಬೆಟ್ಟದಷ್ಟು ಕಾಣುತ್ತೆ. ಪಕ್ಕದಲ್ಲಿ ಕೂತೋರದ್ದು ಕೇಳಿ, ಅದನ್ನ ಕಟ್ಟಿ," ಎಂದು ಮೊದಲ ದಿನವೇ ಹೇಳಿ, ಇಬ್ಬಿಬ್ಬರನ್ನು ಜೋಡಿ ಮಾಡಿ ಕಡಲ ದಂಡೆಗೆ ಅಟ್ಟಿದ್ದರು.

ಲಾತೈಗೆ ಜೋಡಿಯಾಗಿ ಸಿಕ್ಕಿದವಳು ಸಿನಿವಾ. ತೊಂಗಾ ದೇಶದ ಹಾಪೈ ದ್ವೀಪದಲ್ಲಿ ಶಿಬಿರ ನಡೆಯುತ್ತಿದ್ದ ಹಳ್ಳಿಯವಳೇ. ಚಾಪೆ ಹೆಣೆಯುವುದರಲ್ಲಿ ಎತ್ತಿದ ಕೈ, ಚರ್ಚಿನ ಗಾಯನದಲ್ಲಿ ಹೆಂಗಸರ ಸಾಲಿಗೆ ಮುಂದಾಳು. ಮದುವೆಯಾಗಿರಲಿಲ್ಲ, ಅಣ್ಣ ಉಯೇಪಿಯ ಅಂಗಳದಲ್ಲೇ ಅವಳದೊಂದು ಪುಟ್ಟ ಮನೆ. ಲಾತೈ ಬಂದದ್ದು ರಾಜಧಾನಿ ನುಕುಅಲೋಫಾದಿಂದ. ಅಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಬೇರೆಯವರ ಹಾಡು ಕಲಿಸಿ ಕಲಿಸಿ ಅವಳ ಗಂಟಲು ಸವೆದಿತ್ತೇ ಹೊರತು ತನ್ನದು ಎನ್ನುವ ಒಂದು ಹಾಡೂ ಇರಲಿಲ್ಲ. ಕಟ್ಟಿದ್ದಳು, ಇಲ್ಲವೆಂದಲ್ಲ. ಕೇಳಿದವರು "ಚೆನ್ನಾಗಿದೆ" ಎಂದು ಹೇಳಿ ಊಟದ ಮಾತಿಗೆ ತಿರುಗುತ್ತಿದ್ದರು. ನಲವತ್ತು ದಾಟಿದ ಹೆಂಗಸಿಗೆ ಅದಕ್ಕಿಂತ ಅವಮಾನ ಬೇಕೆ? ಒಮ್ಮೆಯಾದರೂ ಜನ ತನ್ನನ್ನು ಪುನಾಕೆ ಎಂದು ಕರೆಯಬೇಕು, ಮಾತನ್ನೂ ರಾಗವನ್ನೂ ಕಟ್ಟಬಲ್ಲವಳು ಎನ್ನಬೇಕು ಎಂಬ ಆಸೆ ಅವಳನ್ನು ಒಳಗೇ ಕೊರೆಯುತ್ತಿತ್ತು.

ಸಿನಿವಾ ಮೊದಲು ಹೇಳಿದ್ದು ಅವಳ ಅಜ್ಜಿಯ ಚಾಪೆಯ ಕತೆ. ಒಳ್ಳೆಯ ಕತೆಯೇ, ಆದರೆ ಸಪ್ಪೆ. ಆಮೇಲೆ ಇಬ್ಬರೂ ಎಳನೀರು ಕುಡಿಯುತ್ತ, ನೀರಲ್ಲಿ ಕಾಲು ಬಿಟ್ಟು ಕೂತಿದ್ದಾಗ ಅವಳ ಮಾತು ತಾನಾಗಿಯೇ ಬೇರೆ ಕಡೆ ಹರಿಯಿತು.

"ಅಲ್ಲಿ ಕಾಣ್ತಿದೆಯಲ್ಲ, ಕಲ್ಲು ಹೇರಿ ಇಟ್ಟಿರೋದು? ನಾವು ಚಾಪೆಗೆ ಕೇದಿಗೆ ಎಲೆ ನೆನೆಹಾಕೋ ಜಾಗ. ಉಪ್ಪುನೀರಲ್ಲಿ ಬೆಳ್ಳಗಾಗುತ್ತೆ. ದಿನ ನೋಡ್ಕೊಂಡು ಎತ್ತಬೇಕು, ತಡ ಆದ್ರೆ ಕೊಳೆತು ಕಪ್ಪಾಗುತ್ತೆ. ಒಂದು ಸಲ ನಾನು ಎತ್ತಲೇ ಇಲ್ಲ."

"ಮರೆತ್ಯಾ ಅಕ್ಕಾ?"

"ಮರೆಯೋದೆಲ್ಲಿ ಬಂತು! ಎತ್ತಿಬಿಟ್ರೆ ಮತ್ತೆ ಇಲ್ಲಿಗೆ ಬರೋಕೆ ನೆಪ ಬೇಕಲ್ಲ." ಸಿನಿವಾ ನಕ್ಕಳು. "ಒಬ್ಬ ಬರ್ತಿದ್ದ. ಕೊಬ್ಬರಿ ತುಂಬೋ ಹಡಗಿನವನು. ತೆಂಕಣ ಗಾಳಿ ಬೀಸಿದಾಗ ಚಿಕ್ಕ ದೋಣೀಲಿ ಈ ಕಡೆ ಬರ್ತಿದ್ದ. ಬರ್ತಾನೆ ಅಂತ ದಿನಾ ಬಂದು ಎಲೆ ಮುಟ್ಟಿ ನೋಡಿ ಹಾಗೇ ಬಿಟ್ಟು ಹೋಗ್ತಿದ್ದೆ. ಎಲೆ ಇದ್ದಿಲಾಯ್ತು. ಹಡಗು ಹೋಯ್ತು, ಅವನೂ ಹೋದ. ಸೋದರತ್ತೆ ಪೊರಕೆ ತಗೊಂಡು ಬಾರಿಸಿದ್ಲು."

ಲಾತೈ ಎಳನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಅವಳ ಮುಖ ನೋಡಿ ಸಿನಿವಾಗೆ ಅನುಮಾನ ಬಂದಿರಬೇಕು.

"ಏಯ್, ಇದು ಹಾಡಿಗಲ್ಲ ಮತ್ತೆ. ಸುಮ್ನೆ ಹೇಳಿದ್ದು. ನೀನು ಅಜ್ಜಿ ಚಾಪೇದು ಬರಿ."

"ಅಯ್ಯೋ ಅಕ್ಕಾ, ಆಗಲಿ," ಎಂದಳು ಲಾತೈ. ಹಾಗೆ ಹೇಳುವಾಗಲೇ ಮೊದಲ ಸಾಲು ಅವಳ ತಲೆಯಲ್ಲಿ ಕೂತಾಗಿತ್ತು.

ಎರಡು ದಿನ ಅವಳು ಅಜ್ಜಿಯ ಚಾಪೆಯೊಡನೆ ಗುದ್ದಾಡಿದಳು. ಚಾಪೆ ಚಾಪೆಯಾಗಿಯೇ ಉಳಿಯಿತು. ಮೂರನೆಯ ದಿನ ಮನಸ್ಸು ಸಬೂಬು ಹುಡುಕಿಕೊಂಡಿತು. ತೊಂಗಾದ ಹಾಡಿನಲ್ಲಿ ಯಾರನ್ನೂ ಹೆಸರು ಹಿಡಿದು ಹೇಳುವುದಿಲ್ಲವಷ್ಟೆ. ಹೇಳಬೇಕಾದ್ದನ್ನು ಬಿಟ್ಟು ಪಕ್ಕದ್ದನ್ನು ಹೇಳುವುದು, ಹುಡುಗಿಯನ್ನು ಹೂವೆನ್ನುವುದು, ಅಗಲಿಕೆಯನ್ನು ಗಾಳಿಯೆನ್ನುವುದು. ಅದಕ್ಕೆ ಹೆಲಿಯಾಕಿ ಎನ್ನುತ್ತಾರೆ. ಎಲೆ ಎಂದರೆ ಎಲೆ, ದೋಣಿ ಎಂದರೆ ದೋಣಿ. ಕಡಲಲ್ಲಿ ಎಲೆ ನೆನೆಹಾಕದ ಹೆಂಗಸು ಹಾಪೈನಲ್ಲಿ ಯಾರಿದ್ದಾರೆ? ಯಾರಿಗೆ ಗೊತ್ತಾದೀತು? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ಅವಳು ಒಂದೇ ಮಧ್ಯಾಹ್ನ ಕೂತು ಹಾಡು ಮುಗಿಸಿದಳು. ಇಷ್ಟು ವರ್ಷ ಬಾರದ ಮಾತುಗಳು ಸಾಲುಗಟ್ಟಿ ಬಂದವು.

ಮಾಫು ಅಜ್ಜ ಕಣ್ಣು ಮುಚ್ಚಿ ಕೇಳಿದರು. ಅವರು ವವಾಉ ದ್ವೀಪದ ಕಡೆಯವರು, ಈ ಹಳ್ಳಿಯ ಸುದ್ದಿ ಅವರಿಗೆ ಗೊತ್ತಿಲ್ಲ. ಮುಗಿದ ಮೇಲೆ ಕಣ್ಣು ತೆರೆದರು.

"ಈ ಎಲೆಗೆ ಒಬ್ಬ ಒಡತಿ ಇದ್ದಾಳಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಲಾತೈ, ಹಿರಿಯರ ಮುಂದೆ ಗೌರವಕ್ಕೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಸರಿಪಡಿಸಿಕೊಂಡಳು. "ಇದ್ದಾಳೆ ಅಜ್ಜ."

"ಒಪ್ಪಿದ್ದಾಳಾ?"

"ಹೂಂ, ಒಪ್ಪಿದ್ದಾಳೆ."

"ಹಾಗಾದ್ರೆ ಶನಿವಾರ ಹಳ್ಳಿಯವರ ಮುಂದೆ ಕೊನೇಗೆ ನಿಂದೇ," ಎಂದರು ಅಜ್ಜ. ಕೊನೆಯ ಹಾಡು ಎಂದರೆ ಶಿಬಿರದ ಕಿರೀಟ. ಆ ರಾತ್ರಿ ಲಾತೈಗೆ ನಿದ್ದೆ ಬರಲಿಲ್ಲ, ಸಂತೋಷಕ್ಕೇ ಎಂದುಕೊಂಡಳು. ಸಂತೋಷದ ಜೊತೆ ಬೇರೆ ಏನೋ ಇತ್ತು, ಅದನ್ನು ಅವಳು ಮುಟ್ಟಲು ಹೋಗಲಿಲ್ಲ.

ಇನ್ನೊಂದು ತೊಡಕಿತ್ತು. ಎಲ್ಲರ ಹಾಡಿಗೂ ಪುಟ್ಟ ಗಿಟಾರಿನಂಥ ಯುಕುಲೆಲೆ ನುಡಿಸುತ್ತಿದ್ದವನು ಸಿನಿವಾಳ ಅಣ್ಣ ಉಯೇಪಿ. ಅಣ್ಣ ತಂಗಿ ಒಂದೇ ಮಾಡಿನ ಕೆಳಗೆ ಕೂತಿರುವಾಗ ಪ್ರೇಮದ ಮಾತು ಎತ್ತುವುದು ತೊಂಗಾದಲ್ಲಿ ಹೇಸಿಗೆಯ ಕೆಲಸ. ಅದಕ್ಕೇ ಅಂಥ ಹಾಡಿಗೆ ಮುಂಚೆ ಎದ್ದು ಹೋಗಬೇಕಾದವರು ಇದ್ದಾರೆಯೇ ಎಂದು ಯಾರಾದರೊಬ್ಬರು ಕೇಳುವುದು ವಾಡಿಕೆ, ಆಗ ಇಬ್ಬರಲ್ಲಿ ಒಬ್ಬರು ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಉಯೇಪಿ ಎದ್ದು ಹೋದರೆ ಹಾಡು ಬೋಳಾಗುತ್ತದೆ. ಸಿನಿವಾಳನ್ನೇ ಎದ್ದು ಹೋಗು ಎನ್ನುವ ಮುಖ ಲಾತೈಗಿರಲಿಲ್ಲ.

ಶನಿವಾರ ಮಧ್ಯಾಹ್ನ ಚರ್ಚಿನ ಹಳೆಯ ಸಭಾಭವನದಲ್ಲಿ ಹಳ್ಳಿಯೆಲ್ಲ ನೆರೆದಿತ್ತು. ಆಕ್ಲೆಂಡಿನಿಂದ ಬಂದಿದ್ದ ಅಕ್ಕತಂಗಿಯರು ಮೀನುಗಾರ ಮುದುಕನೊಬ್ಬನ ಮೇಲೆ ಕಟ್ಟಿದ ಹಾಡಿಗೆ ಜನ ಹೊಟ್ಟೆ ಹಿಡಿದು ನಕ್ಕಿದ್ದರು. ಕೊನೆಗೆ ಲಾತೈ ಎದ್ದು ನಿಂತಳು. ಮುಂದಿನ ಸಾಲಿನ ಮುದುಕರೊಬ್ಬರು ವಾಡಿಕೆಯಂತೆ ಕೇಳಿದರು.

"ಏನಮ್ಮಾ, ಎಂಥಾ ಹಾಡು? ಯಾರಾದ್ರೂ ಎದ್ದು ಹೋಗಬೇಕಾ?"

"ಯಾರೂ ಬೇಡ ಅಜ್ಜ. ಚಾಪೆ ಹೆಣೆಯೋರ ಹಾಡು," ಎಂದಳು ಲಾತೈ.

ಒಂದು ಸುಳ್ಳಿಗೆ ಇನ್ನೊಂದು ಕಾವಲು. ಉಯೇಪಿ ತಂತಿ ಮೀಟಿದ. ಹೆಂಗಸರ ಕಡೆ ಕೂತಿದ್ದ ಸಿನಿವಾ, ಅಜ್ಜಿಯ ಚಾಪೆ ಬರುತ್ತದೆಂದು, ಮುಖ ಅರಳಿಸಿ ನೋಡುತ್ತಿದ್ದಳು. ಲಾತೈ ಹಾಡಿದಳು:

ಕಲ್ಲು ಹೇರಿ ಮುಳುಗಿಸಿಟ್ಟ ಕೇದಿಗೆಯೇ,
ಬೆಳ್ಳಗಾಗಲು ನಿನಗೆಷ್ಟು ಉಬ್ಬರ ಬೇಕಿತ್ತು?
ಎತ್ತಲೆಂದು ಬಂದವಳು ಮುಟ್ಟಿ ಮರಳಿದಳಲ್ಲ,
ಕಪ್ಪಾದರೂ ಇರು ನೀನು, ಇನ್ನೊಂದು ದಿನ ಇರು ಎಂದು.

"ಅಯ್ಯಯ್ಯೋ!" ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. "ಇದು ನಮ್ಮ ಸಿನಿವಾಳ ಕಪ್ಪು ಕೇದಿಗೆ ಕಣ್ರೇ! ಸೋಮಾರಿ ಸಿನಿವಾ!"

ಭವನವೆಲ್ಲ ಘೊಳ್ಳೆಂದಿತು. ಲಾತೈಗೆ ಗೊತ್ತಿರದ ಸಂಗತಿ ಇದು. ಆ ಹಳ್ಳಿಯಲ್ಲಿ ಆ ಎಲೆ ಹಳೆಯ ತಮಾಷೆ. ಯಾವ ಹುಡುಗಿ ಕೆಲಸ ಮರೆತರೂ "ಏನೇ, ಸಿನಿವಾಳ ಕೇದಿಗೆ ಆಯ್ತಾ?" ಎಂದು ಬೈಯುವುದು ಅಲ್ಲಿ ಗಾದೆಯಾಗಿಹೋಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಗುವಿನಲ್ಲೇ ಎಲ್ಲ ಮುಗಿಯುತ್ತಿತ್ತು. ಆದರೆ ಎರಡನೆಯ ಚರಣ ಬಾಕಿಯಿತ್ತು, ಅದೇ ಹಾಡಿನ ಜೀವ, ಗಂಟಲು ಎಂದೂ ಇಲ್ಲದಷ್ಟು ಇಂಪಾಗಿ ತೆರೆದಿತ್ತು. ಅವಳು ನಿಲ್ಲಿಸಲಿಲ್ಲ.

ತೆಂಕಣ ಗಾಳಿಯೇ, ದೋಣಿಯ ಹಾಯಿ ತುಂಬಿ ಬಾ,
ಎಲೆ ಕೊಳೆಯಲಿ, ಅತ್ತೆ ಬೈಯಲಿ, ನೀನು ಬಾ.

ನಗು ಒಬ್ಬೊಬ್ಬರ ಬಾಯಿಂದಲೇ ಆರುತ್ತ ಬಂತು. ಮೊದಲು ಮುದುಕಿಯರಿಗೆ ಅರ್ಥವಾಯಿತು, ಆಮೇಲೆ ಉಳಿದವರಿಗೆ. ಯುಕುಲೆಲೆ ನಿಂತಿತು. ಉಯೇಪಿ ಅದನ್ನು ಚಾಪೆಯ ಮೇಲಿಟ್ಟು, ಹೆಂಗಸರ ಕಡೆ ಕತ್ತು ತಿರುಗಿಸದೆ, ತಲೆ ತಗ್ಗಿಸಿ ಬಾಗಿಲು ದಾಟಿ ಹೋದ. ಯಾರಿಗಾದರೂ ಇನ್ನೂ ಅನುಮಾನವಿದ್ದಿದ್ದರೆ ಆ ನಡಿಗೆಯೇ ಅದನ್ನು ತೀರಿಸಿತು. ತಂಗಿಯ ಮಾತಲ್ಲದಿದ್ದರೆ ಅಣ್ಣ ಯಾಕೆ ಎದ್ದು ಹೋಗುತ್ತಾನೆ?

ಲಾತೈ ತಂತಿಯ ಆಸರೆಯಿಲ್ಲದೆ ಹಾಡು ಮುಗಿಸಿದಳು. ಅವಳನ್ನು ಮುಂದೆ ಹೆಚ್ಚು ಸುಟ್ಟದ್ದು ಇದೇ, ಹಾಡಿದ್ದಲ್ಲ, ಮುಗಿಸಿದ್ದು. ಸಿನಿವಾ ತಲೆಯೆತ್ತದೆ ಕೂತಲ್ಲೇ ಚಾಪೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ಯಾರೋ ತಡೆಯಲಾರದೆ "ಮಾಲಿಯೇ!" ಎಂದರು. ಭಲೇ ಎಂದ ಹಾಗೆ. ಇನ್ನೊಬ್ಬರು ಎಂದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಲಾತೈ ಜೀವಮಾನವೆಲ್ಲ ಕಾದಿದ್ದ ಹೊಗಳಿಕೆ ಅದು. ಬಂದಾಗ ಅವಳ ಕಣ್ಣು ಸಿನಿವಾಳ ಬೆರಳ ಮೇಲಿತ್ತು.

ಜನ ಚದುರಿದ ಮೇಲೆ ಮಾಫು ಅಜ್ಜ ಹತ್ತಿರ ಬಂದರು.

"ಒಪ್ಪಿದ್ದಾಳೆ ಅಂದಿದ್ದೆ."

"ಅಂದಿದ್ದೆ ಅಜ್ಜ. ಸುಳ್ಳು. ಬೇಡ ಅಂದಿದ್ಲು." ಲಾತೈ ಹಾಡಿನ ಕಾಗದ ಕೈಗೆತ್ತಿಕೊಂಡಳು. "ಈ ಹಾಡನ್ನ ಇನ್ನು ಹಾಡಲ್ಲ. ಹರಿದು ಹಾಕ್ತೀನಿ."

"ಕಾಗದ ಹರಿದ್ರೆ ಹಾಡು ಹರಿಯುತ್ತಾ? ಕೆಟ್ಟ ಹಾಡಾಗಿದ್ರೆ ಸೋಮವಾರಕ್ಕೆ ಮರೀತಿದ್ರು. ಚೆನ್ನಾಗಿ ಕಟ್ಟಿಬಿಟ್ಟೆಯಲ್ಲೇ, ಪಾಪಿ!" ಎಂದು ಅಜ್ಜ ಕೋಲೂರಿಕೊಂಡು ಹೊರಟುಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾನುವಾರ ಚರ್ಚಿನಲ್ಲಿ ಹೆಂಗಸರ ಸಾಲಿನ ಮುಂದಿನ ಜಾಗ ಖಾಲಿಯಿತ್ತು. ಗಂಡಸರ ಸಾಲಿನಲ್ಲಿ ಉಯೇಪಿಯೂ ಇರಲಿಲ್ಲ. ಅವನು ಮನೆಯಲ್ಲಿ ತಂಗಿಗೆ ಎದುರಾಗಬಾರದೆಂದು ಹೊಲದ ಗುಡಿಸಲಲ್ಲಿ ಇದ್ದಾನಂತೆ ಎಂದು ಯಾರೋ ಪಿಸುಗುಟ್ಟಿದರು. ಲಾತೈ ಅಂದು ಒಂದು ತುತ್ತೂ ನುಂಗಲಿಲ್ಲ. ಎಲ್ಲರೂ ಸುಟ್ಟ ಗೆಣಸು, ತೆಂಗಿನಹಾಲಲ್ಲಿ ಬೆಂದ ಸೊಪ್ಪು ತಿನ್ನುತ್ತ ಅವಳ ಕಡೆ ನೋಡದಂತೆ ನೋಡುತ್ತಿದ್ದರು.

ಸೋಮವಾರ ಬೆಳಗ್ಗೆ ಅವಳು ಹರಿದ ಹಳೆಯ ಚಾಪೆಯೊಂದನ್ನು ಬೇಡಿ ತಂದು ಸೊಂಟಕ್ಕೆ ಸುತ್ತಿಕೊಂಡಳು. ಇಫಿ ಮರದ ಎಲೆಗಳನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಹಾಗೆ ಬಂದವರು ತಪ್ಪೊಪ್ಪಿ ಕಾಲಿಗೆ ಬಿದ್ದ ಹಾಗೆ. ಮನ್ನಿಸುವವರು ಆ ಎಲೆಯನ್ನು ಕೊರಳಿಂದ ತೆಗೆಯಬೇಕು, ಅಲ್ಲಿಯವರೆಗೆ ಏಳುವಂತಿಲ್ಲ. ಉಯೇಪಿಯ ಅಂಗಳದಲ್ಲಿ, ನೆರಳು ಬಿಟ್ಟು ಬಿಸಿಲಲ್ಲಿ, ತಲೆ ಬಗ್ಗಿಸಿ ಕೂತಳು. ಬೀದಿಯಲ್ಲಿ ಶಾಲೆಗೆ ಹೋಗುವ ಹುಡುಗಿಯರು ಅದೇ ರಾಗವನ್ನು ಗುನುಗುತ್ತ ಹೋದರು. ಅಂಗಳದಲ್ಲಿ ಕೂತವಳನ್ನು ಕಂಡು ಬಾಯಿ ಮುಚ್ಚಿಕೊಂಡರು, ತಿರುವು ದಾಟಿದ ಮೇಲೆ ಮತ್ತೆ ಶುರು ಮಾಡಿದರು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಉಯೇಪಿ ಹೊಲದಿಂದ ಬಂದ. ಸುದ್ದಿ ಮುಟ್ಟಿರಬೇಕು. ಅವಳ ಮುಂದೆ ನಿಂತು ಎಲೆಯ ಸರವನ್ನು ಕೊರಳಿಂದ ಎತ್ತಿ ಬೇಲಿಯ ಮೇಲೆ ಹಾಕಿದ.

"ಏಳಮ್ಮಾ. ಶನಿವಾರ ಏನಾಗಿತ್ತು ಅಂತೀಯಾ, ನನ್ನ ತಂತಿ ಕಡಿದುಹೋಯ್ತು. ಅದಕ್ಕೇ ಎದ್ದು ಹೋದೆ. ನಿನ್ನ ಹಾಡು ನನಗೆ ಕೇಳಿಸಲೇ ಇಲ್ಲ."

ಬೀದಿಯವರಿಗೂ, ಚಿಕ್ಕ ಮನೆಯೊಳಗಿನ ತಂಗಿಗೂ ಕೇಳಲೆಂದೇ ಅಷ್ಟು ಗಟ್ಟಿಯಾಗಿ ಹೇಳಿದ್ದ. ಹೇಳಿ ಹಿಂದಿರುಗಿ ನೋಡದೆ ಹೋದ. ತಂತಿ ಕಡಿದಿರಲಿಲ್ಲ, ಊರಿಗೆಲ್ಲ ಗೊತ್ತು. ಹೆಲಿಯಾಕಿ ಎಂದರೆ ಇದಲ್ಲವೇ, ಮಾನ ಮುಚ್ಚುವುದಕ್ಕೆ ಹೇಳುವ ಪಕ್ಕದ ಮಾತು. ತಾನು ಅದನ್ನೇ ಹಿಡಿದು ಒಬ್ಬಳನ್ನು ಬೆತ್ತಲೆ ಮಾಡಿದೆನಲ್ಲ ಎಂದು ಲಾತೈಗೆ ಅಳು ಉಕ್ಕಿ ಬಂತು.

ಚಿಕ್ಕ ಮನೆಯ ಬಾಗಿಲು ತೆರೆಯಿತು. ಸಿನಿವಾ ಒಂದು ಚೊಂಬು ನೀರು ತಂದು ಅವಳ ಪಕ್ಕ ಇಟ್ಟು, ತಾನೂ ನೆಲದ ಮೇಲೆ ಕೂತಳು.

"ಕುಡಿ. ಬಿಸಿಲಿಗೆ ಬಿದ್ದುಬಿಟ್ಟೀಯಾ."

"ಅಕ್ಕಾ, ನಿನ್ನ ಮಾನ ತೆಗೆದೆ. ಬಯ್ಯಿ ನನ್ನ."

"ಮಾನದ ಮಾತು ಬಿಡು. ಅಣ್ಣ ತಂತಿ ಕಡೀತು ಅಂದ, ಊರು ಹೂಂ ಅನ್ನುತ್ತೆ. ಅದು ಮುಗೀತು." ಸಿನಿವಾ ಕಡಲಿನ ಕಡೆ ನೋಡುತ್ತಿದ್ದಳು. ಸಿಟ್ಟು ಅವಳ ಮುಖದಲ್ಲಿರಲಿಲ್ಲ, ಅದೇ ಲಾತೈಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ಎಲ್ರೂ ನನ್ನ ಸೋಮಾರಿ ಅಂತಿದ್ರು. ಅಂದಾಗೆಲ್ಲ ನಾನು ತಲೆ ಬಗ್ಗಿಸಿ ಒಳಗೊಳಗೇ ನಗ್ತಿದ್ದೆ. ಬೈದಾಗೆಲ್ಲ ಅವನು ಒಂದು ಸಲ ಬಂದು ಹೋಗ್ತಿದ್ದ, ಗೊತ್ತಾ? ಇವತ್ತು ಬೆಳಗ್ಗೆ ನೀರಿಗೆ ಹೋಗಿದ್ದೆ. ಎಲ್ರೂ ದಾರಿ ಬಿಟ್ರು, ಪಾಪ ಅನ್ನೋ ಹಾಗೆ ನೋಡಿದ್ರು." ಅವಳು ಸ್ವಲ್ಪ ತಡೆದಳು. "ಇನ್ನು ಮೇಲೆ ಯಾರೂ ನನ್ನ ಸೋಮಾರಿ ಅನ್ನಲ್ಲ ಲಾತೈ."

ಲಾತೈ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಜವಾದದ್ದೇ, ಅದರಲ್ಲಿ ಕಪಟವಿರಲಿಲ್ಲ. ಆದರೆ ಅಳುತ್ತಿರುವಾಗಲೇ ಅವಳ ಮನಸ್ಸು, ಅವಳನ್ನು ಕೇಳದೆ, ಆ ಕೊನೆಯ ಮಾತಿನ ತೂಕ ನೋಡಿತು, ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಲೆಕ್ಕ ಹಾಕಿತು. ಅವಳು ಹಲ್ಲು ಕಚ್ಚಿ ಅದನ್ನು ಒಳಗೆ ತುಳಿದಳು. ಸಿನಿವಾ ಅವಳ ಬೆನ್ನು ಸವರುತ್ತ, "ಸಾಕು, ಅಳಬೇಡ," ಎನ್ನುತ್ತಿದ್ದಳು, ಮತ್ತು ರಾಗ ಆಗಲೇ ಸಿಕ್ಕಿಬಿಟ್ಟಿತ್ತು.