ಎರಡು ಅಂಗಡಿಯ ಪೈಪು

ಅಂಗಾಲು ಎರಡು, ಗಾಜಿನ ಕಿಂಡಿಯಲ್ಲಿ ಕಾಣುವುದು ಅಷ್ಟೇ, ಆಳು ನಿಂಗನ ಉಳಿದ ಮೈಯೆಲ್ಲ ತೂಗುಬಿಟ್ಟ ಹೊಗೆಸೊಪ್ಪಿನಡಿ, ಒಲೆಯ ಕಾವು ಒಯ್ಯುವ ಪೈಪಿನ ಪಕ್ಕ — ಒಲೆಯ ಬೆಂಕಿ ಎಳೆದುಹಾಕಿದ್ದರೂ ಸೊಪ್ಪನ್ನು ಕಾವಿಗಿಟ್ಟು ಹದಮಾಡುವ ಬ್ಯಾರನ್ನಿನ ಗೋಡೆ ಇನ್ನೂ ಸುಡುತ್ತಿದೆ, ಗಾಜಿಗೆ ಹಣೆಯೊತ್ತಿದ ನೀಲಾಂಬಿಕೆ ಚುರ್ರೆಂದು ಹಿಂದಕ್ಕೆ ಸರಿದಳು, ಮತ್ತೆ ಬಗ್ಗಿದಳು. ಬಾಗ್ಲು ತೆಗೀಬ್ಯಾಡಿ ಕಣವ್ವ, ಕಾವು ಓಗ್ಬುಟ್ರೆ ಸೊಪ್ಪೆಲ್ಲ ಕರ್ರಗಾಯ್ತದೆ ಅಂದು ಅವನು ನುಗ್ಗಿದ್ದ, ಹೊರಗಿನಿಂದ ಬಾಗಿಲು ಹಾಕಿದವಳು ತಾನೇ, ಈ ವರ್ಷದ ಮೊದಲ ಸೊಪ್ಪು, ಈಗಷ್ಟೇ ಹಳದಿಗೆ ತಿರುಗುತ್ತಿದೆ, ಬಾಳೆಹಣ್ಣಿನ ಹಳದಿ — ಎರಡು ಪೈಪು ಕೂಡುವಲ್ಲಿ ಬಿಟ್ಟುಕೊಂಡಿರುವುದು ಎರಡು ಬೆರಳಿನ ಸಂದು, ಅದರಿಂದಲೇ ಹೊಗೆ, ಈ ಕಡೆಯದು ವೀರಭದ್ರಸ್ವಾಮಿಯ ಪೈಪು, ಆ ಕಡೆಯದು ಕಂಠಪ್ಪನದು, ಹುಣಸೂರಿನ ಒಂದೇ ಬೀದಿಯಲ್ಲಿ ಎದುರುಬದುರು ತಗಡಿನಂಗಡಿ, ಭಾವಮೈದುನರು ಬೇರೆ, ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಒಬ್ಬನ ಪೈಪಿನ ಬಾಯಿಗೆ ಮಾತ್ರ ಇನ್ನೊಬ್ಬನದು ಕೂರದು. ಯಾಕಪ್ಪಾ ಕಂಠಪ್ಪ, ಬೇಕಂತಲೇ ಹಿಂಗೆ ಮಾಡ್ತೀರಾ ಅಂತ ಕೇಳಿಯೇಬಿಟ್ಟಿದ್ದಳು, ಅವನು ನಕ್ಕು, ನಮ್ದಕ್ಕೆ ಭಾವಂದು ಕೂತ್ಬುಟ್ರೆ ನಮ್ಮಂಗಡಿಗ್ಯಾಕೆ ಬತ್ತೀರಿ ಯೋಳಿ ಅಕ್ಕಾ — ಮುಚ್ಚುಮರೆಯಿಲ್ಲದ ಮನುಷ್ಯ, ಅವನಿಗೂ ಮನೆ ತುಂಬ ಬಾಯಿಗಳು, ಬೀದಿ ದಾಟಿದರೆ ಎದುರಂಗಡಿಯ ವೀರಭದ್ರಸ್ವಾಮಿಯೋ, ಅವನ ಪೈಪಿಗೆ ನಾನು ಕೈ ಹಾಕೋಲ್ಲ ಅಮ್ಮಾ, ಎಲ್ಲಾ ಕಿತ್ಹಾಕಿ, ಪೂರಾ ನಂದೇ ಕೂರಿಸಿಕೊಡ್ತೀನಿ. ಪೂರಾ! ಬ್ಯಾರನ್ ತುಂಬ ಸೊಪ್ಪು ಏರಿಸಿ ಕೂತವಳಿಗೆ ಪೂರಾ ಕೀಳು ಅನ್ನುವುದು, ಹಸೆಮಣೆಯ ಮೇಲೆ ಕೂತವಳಿಗೆ ಗಂಡು ಬದಲಾಯಿಸು ಅಂದಹಾಗೆ. ತಂತಿ ಸುತ್ತಿ ಕೆಮ್ಮಣ್ಣು ಮೆತ್ತುದ್ರೆ ಆಯ್ತು ಬುಡಿ ಅಂದವನು ನಿಂಗನೇ, ಬೇಡ ಕಣ್ಲಾ ಅನ್ನಬೇಕಿತ್ತು, ಅನ್ನಲಿಲ್ಲ, ಹುಷಾರು ಅಂದಳು, ಹುಷಾರು ಅಂದರೆ ಹೋಗು ಅಂತಲೇ. ಇವ್ನಿಗೆ ನಾನ್ಯಾಕವ್ವ, ನಿಮ್ಮ ಬ್ಯಾರನ್ನೇ ಕಟ್ಕೊಂಡವ್ನೆ ಅಂತ ಅವನ ಹೆಂಡತಿ ಕೆಂಪಿ ಬೆಳಿಗ್ಗೆ ಹಂಗಿಸಿ ನಕ್ಕಳು, ಅಕೋ ಹೊಲದಲ್ಲಿ ಸೊಪ್ಪು ಮುರಿಯುತ್ತ ಯಾರಿಗೋ ಏನೋ ಕೂಗುತ್ತಿದ್ದಾಳೆ, ಅವಳಿಗೆ ಗೊತ್ತಿಲ್ಲ ಇವನು ಒಳಗಿರುವುದು. ನಿಂಗಾ, ಆಯ್ತೇನ್ಲಾ? ಇನ್ನೊಂದ್ ಸುತ್ತು ಕಣವ್ವಾ, ಆಮೇಲೆ ಕೆಮ್ಮು, ಆಮೇಲೆ ಕೆಮ್ಮೂ ಇಲ್ಲ. ನಿಂಗಾ! ಅಂಗಾಲು ಅಲುಗುವುದಿಲ್ಲ, ಸೊಪ್ಪು ಎಷ್ಟು ಚೆನ್ನಾಗಿ ಹಣ್ಣಾಗುತ್ತಿದೆ, ಥೂ, ಈಗಲೂ ಕಣ್ಣು ಅದರ ಮೇಲೇ — ಕೈ ಅಗುಳಿ ಎಳೆದಿದೆ, ಬಾಗಿಲು ಗೋಡೆಗೆ ಬಡಿದಿದೆ, ಕಾವು ಮುಖಕ್ಕೆ ರಾಚಿ ಹೊರಗೆ ಹೋಗುತ್ತಿದೆ, ಹೋಗಲಿ, ಕರ್ರಗಾಗಲಿ, ಕೆಂಪೀ ಬಾರೇ, ಬಾರೇ, ಮೊಣಕಾಲೂರಿ ಸೊಪ್ಪಿನಡಿ ನುಗ್ಗಿ ಅವನ ಹಿಮ್ಮಡಿ ಹಿಡಿದಳು, ಬಿಸಿ, ಎಳೆದಳು, ಒಂದು ಗೇಣು ಬಂದ, ಬಿರುಕಿನಲ್ಲಿ ಕೆಮ್ಮಣ್ಣು ಕೂತ ಅಂಗಾಲು, ಅಲುಗೋ, ಅಲುಗಪ್ಪಾ ನಿಂಗಾ, ಅಂಗಾಲು, ಅಂಗಾಲಿನ ತುದಿಯ ಕಿರುಬೆರಳು, ಕಿರುಬೆರಳು — ಮಡಚಿಕೊಂಡಿತು.